ಸಿನಿಮಾ ಮಿಷಿನ್ನಿನ ಸಹವಾಸ

ಟಾಕೀಸಿನಲ್ಲಿ ಮೂರು ಗಂಟೆ ಸಿನಿಮಾ ನೋಡಿ ಬಂದೆ ಎಂದು ಯಾರಾದರೂ ಹಳೆಯ ದಿನಗಳನ್ನು ನೆನೆದರೆ ನಾನೀಗ ನಂಬುವುದಿಲ್ಲ. ರೀಲಿನ ಕಾಲದ ಸಿನಿಮಾ ಆಗಿದ್ದರೆ ನೀವು ನೋಡಿದ್ದು ಹೆಚ್ಚೆಂದರೆ ಒಂದೂವರೆ ಗಂಟೆ. ಮಿಕ್ಕ ಒಂದೂವರೆ ಗಂಟೆ ಕತ್ತಲಲ್ಲಿ ಕೂತಿದ್ದಿರಿ, ಅಷ್ಟೆ. ನಿದ್ದೆಯ ಮಾತಲ್ಲ ಇದು. ನಿದ್ದೆ ಹೋದವರ ಲೆಕ್ಕ ಬೇರೆ. ಪ್ರೊಜೆಕ್ಟರಿನೊಳಗೆ ಎರಡು ರೆಕ್ಕೆಯ ಷಟರ್ ಒಂದು ತಿರುಗುತ್ತಿರುತ್ತದೆ. ಸೆಕೆಂಡಿಗೆ 24 ಚಿತ್ರಗಳು ದೀಪದ ಮುಂದೆ ಬಂದು ಹೋಗುತ್ತವಲ್ಲ, ಒಂದೊಂದು ಚಿತ್ರಕ್ಕೂ ಈ ರೆಕ್ಕೆ ಎರಡೆರಡು ಸಲ ಬೆಳಕಿಗೆ ಅಡ್ಡ ಬರುತ್ತದೆ. ಮೊದಲ ಸಲ ಬರುವುದು, ಚಿತ್ರ ಬದಲಾಗುವುದು ನಮ್ಮ ಕಣ್ಣಿಗೆ ಬೀಳಬಾರದೆಂದು. ಎರಡನೆಯ ಸಲ ಬರುವುದು ನಮ್ಮನ್ನು ಯಾಮಾರಿಸಲು: 24 ಸಲ ಮಿನುಗಿದರೆ ಕಣ್ಣಿಗೆ ಗೊತ್ತಾಗಿಬಿಡುತ್ತದೆ, 48 ಸಲ ಮಿನುಗಿದರೆ ಗೊತ್ತಾಗುವುದಿಲ್ಲ. ಹೀಗೆ ಅರ್ಧಕ್ಕರ್ಧ ಹೊತ್ತು ಪರದೆಯ ಮೇಲೆ ಏನೂ ಇರುವುದಿಲ್ಲ. ಅರ್ಧ ಟಿಕೆಟ್ಟಿನ ದುಡ್ಡು ವಾಪಸು ಕೇಳೋಣವೆಂದರೆ ನಮ್ಮೂರಿನಲ್ಲಿ ಟೆಂಟೂ ಇಲ್ಲ, ಅದರ ಮಾಲೀಕರೂ ಇಲ್ಲ. ಅವರ ಮಕ್ಕಳು ಆ ಜಾಗದಲ್ಲಿ ಕಲ್ಯಾಣಮಂಟಪ ಕಟ್ಟಿಸಿದ್ದಾರೆ.

ಇಂಥ ಜ್ಞಾನವೆಲ್ಲ ನನಗೆ ಮೊದಲಿನಿಂದ ಇದ್ದದ್ದಲ್ಲ. ಮೈಸೂರಿನ ನಮ್ಮ ಮನೆಯ ಪೋರ್ಟಿಕೋದಲ್ಲಿ, ಸ್ಕೂಟರ್ ನಿಲ್ಲಬೇಕಾದ ಕಡೆ, ಈಗೊಂದು 35 ಎಂ.ಎಂ. ಪ್ರೊಜೆಕ್ಟರ್ ನಿಂತಿದೆ. ಸ್ಕೂಟರ್ ಬೀದಿಯಲ್ಲಿ ನೆನೆಯುತ್ತದೆ. ಮುಚ್ಚಿಹೋದ ಯಾವುದೋ ತಾಲ್ಲೂಕು ಕೇಂದ್ರದ ಟಾಕೀಸನ್ನು ಕೆಡವಿದಾಗ ಅದರ ಸಾಮಾನು ಗುಜರಿಗೆ ಬಂದಿತ್ತು. ನಾನು ಹೋಗಿದ್ದು ಹಳೆಯ ಕಿಟಕಿಯ ಸರಳು ಸಿಗುತ್ತದೇನೋ ನೋಡಲು. ಗುಜರಿಯ ಹುಡುಗ ಸುತ್ತಿಗೆ ಎತ್ತಿಕೊಂಡು ಯಂತ್ರದ ಮುಂದೆ ಕೂತಿದ್ದ. ಎರಕದ ಕಬ್ಬಿಣಕ್ಕೆ ಒಂದು ರೇಟು, ಹಿತ್ತಾಳೆಗೆ ಒಂದು ರೇಟು, ಅಲ್ಯೂಮಿನಿಯಮ್ಮಿಗೆ ಇನ್ನೊಂದು. ಒಡೆದು ಬೇರೆಬೇರೆ ಮಾಡಿದರೆ ಲಾಭ. ಇಡಿಯಾಗಿ ಕೊಡುತ್ತೀಯಾ ಎಂದು ಕೇಳಿದ್ದಕ್ಕೆ ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಓಡಿಸ್ತೀರಾ ಸಾರ್ ಇದನ್ನ?” ಅಂದ. ಮರ್ಯಾದೆಯ ಪ್ರಶ್ನೆ. ಹೂಂ ಅಂದೆ. ತೂಕ ಹಾಕಿದ. ಲೆನ್ಸಿಗೆ ಮಾತ್ರ ಅವನ ಪಟ್ಟಿಯಲ್ಲಿ ರೇಟಿರಲಿಲ್ಲ, ಗಾಜು ಅಲ್ಲವೇ, ಅದನ್ನು ಪುಕ್ಕಟೆ ಕೊಟ್ಟ. ಪ್ರೊಜೆಕ್ಟರಿನಲ್ಲಿ ಕಷ್ಟಪಟ್ಟರೂ ಮತ್ತೆ ಮಾಡಿಸಿಕೊಳ್ಳಲಾಗದ ಭಾಗ ಅದೊಂದೇ ಎಂಬುದು ನಮ್ಮಿಬ್ಬರಿಗೂ ಆಗ ಗೊತ್ತಿರಲಿಲ್ಲ.

ಲಗೇಜ್ ಆಟೋದಿಂದ ನಾಲ್ಕಾಳು ಇಳಿಸಿದರು. ಬೀದಿಯವರೆಲ್ಲ ಬಂದು ನಿಂತರು. ಎದುರುಮನೆಯವರು, “ಮಿಲ್ ಹಾಕ್ತಿದ್ದೀರಾ? ರಾಗಿ ಬೀಸೋದಕ್ಕೆ ದೂರ ಹೋಗಬೇಕಿತ್ತು, ಒಳ್ಳೇದಾಯ್ತು” ಅಂದರು. ಅಮ್ಮ ಕೋಲೂರಿಕೊಂಡು ಹೊರಗೆ ಬಂದು, ಕಬ್ಬಿಣದ ಮೈಮೇಲೆ ಉಬ್ಬಿಸಿದ್ದ ಇಂಗ್ಲಿಷ್ ಅಕ್ಷರಗಳನ್ನು ಬೆರಳಿನಿಂದ ಸವರಿ ಕೂಡಿಸಿ ಕೂಡಿಸಿ ಓದಿದಳು. ಕಾಲೀ. ತಕ್ಷಣ ಕೈಮುಗಿದಳು. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಕೆರ್ಶಾ ಎಂಬುವರು ನಡೆಸುತ್ತಿದ್ದ ಕಾರ್ಖಾನೆಯ ಪ್ರೊಜೆಕ್ಟರುಗಳಿಗೆ ಈ ಹೆಸರು. ತಮ್ಮ ಹೆಸರಿನ ಅಕ್ಷರಗಳನ್ನೂ ಊರಿನ ಹೆಸರನ್ನೂ ಬೆಸೆದು ಮಾಡಿಕೊಂಡದ್ದು. ಇದನ್ನು ಅಮ್ಮನಿಗೆ ಬಿಡಿಸಿ ಹೇಳಿದೆ. ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳಿದವಳು, ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, “ಇರಲಿ, ಕೈಮುಗಿದರೆ ನಷ್ಟವೇನು?” ಅಂದಳು.

ಓಡಿಸುತ್ತೇನೆ ಎಂದು ಗುಜರಿಯಲ್ಲಿ ಅಂದದ್ದು ಅಂದಾಗಿತ್ತು. ನನಗೆ ಸಿನಿಮಾ ಯಂತ್ರದ ಪರಿಚಯವೆಂದರೆ ಎಲ್ಲ ಹಳ್ಳಿ ಹುಡುಗರಿಗೂ ಇದ್ದಷ್ಟೇ. ಫ್ಯೂಸ್ ಹೋದ ಬಲ್ಬಿನ ತಲೆ ಒಡೆದು, ಒಳಗಿನ ತಂತಿ ಕಿತ್ತು, ನೀರು ತುಂಬಿದರೆ ಅದೇ ಲೆನ್ಸು. ಅಂಗಳದಲ್ಲೊಬ್ಬ ಕನ್ನಡಿ ಹಿಡಿದು ಬಿಸಿಲನ್ನು ಕತ್ತಲೆ ಕೋಣೆಯೊಳಕ್ಕೆ ಹೊಡೆಯಬೇಕು, ಇನ್ನೊಬ್ಬ ಫಿಲ್ಮಿನ ಚೂರು ಹಿಡಿಯಬೇಕು, ಅಪ್ಪನ ಪಂಚೆಯೇ ಪರದೆ. ರಾಜಕುಮಾರ್ ತಲೆಕೆಳಗಾಗಿ ಮೂಡುತ್ತಿದ್ದರು. ಫಿಲ್ಮನ್ನೇ ತಲೆಕೆಳಗೆ ಹಿಡಿದರೆ ರಾಜಕುಮಾರ್ ನೆಟ್ಟಗೆ ನಿಲ್ಲುತ್ತಾರೆಂದು ಕಂಡುಹಿಡಿದ ದಿನ ನಾವು ಬೀಗಿದ ಬೀಗೇನು! ದೊಡ್ಡ ಟಾಕೀಸಿನ ಪ್ರೊಜೆಕ್ಟರಿನಲ್ಲೂ ಫಿಲ್ಮು ತಲೆಕೆಳಗಾಗಿಯೇ ಇಳಿಯುತ್ತದೆ ಎಂದು ಈಗ ತಿಳಿದ ಮೇಲೆ ಆ ಬೀಗುವಿಕೆಗೆ ಒಂದು ಅರ್ಥ ಬಂದಿದೆ.

ಕೊನೆಗೆ ಯಾರೋ ಆಪರೇಟರ್ ಸಾಬರ ವಿಳಾಸ ಕೊಟ್ಟರು. ಟೆಂಟಿನಲ್ಲಿ ಹುಡುಗನಾಗಿ ರೀಲು ಸುತ್ತಲು ಸೇರಿಕೊಂಡು, ಪರೀಕ್ಷೆ ಕೊಟ್ಟು ಆಪರೇಟರ್ ಲೈಸೆನ್ಸ್ ಪಡೆದು, ಟಾಕೀಸು ಮುಚ್ಚುವವರೆಗೂ ಕ್ಯಾಬಿನ್ನಿನಲ್ಲೇ ಆಯುಷ್ಯ ಕಳೆದವರು. ಈಗ ಮಗನ ಮೊಬೈಲ್ ಅಂಗಡಿಯಲ್ಲಿ ಕೂರುತ್ತಾರೆ. ಬಂದವರು ಯಂತ್ರಕ್ಕೆ ಒಂದು ಸುತ್ತು ಹಾಕಿದರು. ಸ್ವಿಚ್ಚಿನ ಕಡೆ ನೋಡಲೇ ಇಲ್ಲ. ಪಕ್ಕದ ಸಣ್ಣ ಚಕ್ರವನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿ ನೋಡಿದರು. ಅದು ಅಲ್ಲಾಡಲಿಲ್ಲ. “ಸತ್ತಿಲ್ಲ ಸಾರ್,” ಅಂದರು, “ಎಣ್ಣೆ ಕುಡಿದು ಮಲಗಿದೆ.”

ನಿಜವಾಗಿಯೂ ಹಾಗೇ ಆಗಿತ್ತು. ಮೂವತ್ತು ನಲವತ್ತು ವರ್ಷ ಹಾಕುತ್ತ ಹೋದ ಎಣ್ಣೆ, ಗ್ರೀಸು ಎಲ್ಲ ಒಣಗಿ ಗೋಂದಾಗಿ, ಹಲ್ಲು ಹಲ್ಲುಗಳನ್ನೂ ಕಚ್ಚಿಕೊಂಡಿತ್ತು. ಇಂಥ ಹೊತ್ತಿನಲ್ಲಿ ಕರೆಂಟು ಕೊಟ್ಟರೆ ಮೋಟರು ಗೆಲ್ಲುತ್ತದೆ, ಹಲ್ಲು ಸೋಲುತ್ತದೆ. ಈ ಯಂತ್ರಗಳ ಗೇರುಗಳಲ್ಲಿ ಒಂದು ಉಕ್ಕಿನದಾದರೆ ಅದಕ್ಕೆ ಕಚ್ಚುವ ಇನ್ನೊಂದು ಫೈಬರಿನದು ಇರುವುದುಂಟು, ಸದ್ದು ಕಮ್ಮಿಯಾಗಲೆಂದು. ಜಗ್ಗಾಟವಾದರೆ ಬಡಪಾಯಿ ಫೈಬರೇ ಹಲ್ಲುದುರಿಸಿಕೊಳ್ಳುವುದು. ಆದ್ದರಿಂದ ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜುವುದೇ ಮೊದಲ ಕೆಲಸ. ಮನೆಯಲ್ಲಿದ್ದ ಪಾಯಸದ ಪಾತ್ರೆಗಳೆಲ್ಲ ಒಂದೊಂದಾಗಿ ಪೋರ್ಟಿಕೋಗೆ ಬಂದವು. ಮತ್ತೆ ಅಡುಗೆಮನೆಗೆ ಹೋಗಲಿಲ್ಲ.

ಆಮೇಲೆ ಹೊಸ ಎಣ್ಣೆಯ ಪ್ರಶ್ನೆ ಬಂತು. ಅಮ್ಮ ಕೊಬ್ಬರಿ ಎಣ್ಣೆಯ ಪರ. ಸಾಬರು ಬೆಚ್ಚಿಬಿದ್ದರು. ಮಾರ್ಗಶಿರದ ಚಳಿಗೆ ಬಾಟಲಿಯಲ್ಲೇ ಗಟ್ಟಿಯಾಗುವ ಪದಾರ್ಥ ಗೇರಿನೊಳಗೆ ಹೋದರೆ ಪುನಃ ಮೊದಲಿನ ಕಥೆಯೇ. ಕೊನೆಗೆ ನನ್ನಾಕೆ ತನ್ನ ಹೊಲಿಗೆ ಯಂತ್ರದ ಎಣ್ಣೆಯ ಡಬ್ಬಿ ತಂದುಕೊಟ್ಟಳು. ಸಣ್ಣಪುಟ್ಟ ಬೇರಿಂಗುಗಳಿಗೆ ಅದು ಸಾಕು ಎಂದು ಸಾಬರು ಒಪ್ಪಿದರು. ಈ ಒಪ್ಪಂದಕ್ಕೆ ಒಂದು ಚರಿತ್ರೆಯೂ ಇದೆ. ಪ್ಯಾರಿಸ್ಸಿನಲ್ಲಿ 1895ರಲ್ಲಿ ಸಿನಿಮಾ ತೋರಿಸಿದ, ಮರುವರ್ಷ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿಗೂ ತಮ್ಮ ಸಿನಿಮಾವನ್ನು ಕಳಿಸಿದ ಲೂಮಿಯೇರ್ ಸೋದರರಿಗೆ, ಫಿಲ್ಮನ್ನು ನಿಲ್ಲಿಸಿ ನಿಲ್ಲಿಸಿ ಮುಂದಕ್ಕೆ ಸರಿಸುವ ಉಪಾಯ ಹೊಳೆದದ್ದೇ ಹೊಲಿಗೆ ಯಂತ್ರದಿಂದ. ಅದು ಬಟ್ಟೆಯನ್ನು ಹೊಲಿಗೆ ಹೊಲಿಗೆಗೂ ಸರಿಸುವುದನ್ನು ನೆನೆದು ಅವರು ಕೊಕ್ಕೆಯೊಂದನ್ನು ಮಾಡಿದರು. ನಾನು ಇದನ್ನು ಹೇಳಿದಂದಿನಿಂದ ನನ್ನಾಕೆ ಪ್ರೊಜೆಕ್ಟರನ್ನು ತನ್ನ ತವರುಮನೆ ಕಡೆಯ ನೆಂಟನೆಂದು ತಿಳಿದಿದ್ದಾಳೆ. ಸೋಲ್ಡರಿಂಗ್ ಕೆಲಸವೆಲ್ಲ ಅವಳದೇ. ನನ್ನ ಕೈ ನಡುಗುತ್ತದೆ.

ಆದರೆ ದೊಡ್ಡ ಪ್ರೊಜೆಕ್ಟರುಗಳಲ್ಲಿ ಲೂಮಿಯೇರರ ಕೊಕ್ಕೆ ಇಲ್ಲ. ಅಲ್ಲಿರುವುದು ನಾಲ್ಕು ಸೀಳಿನ ಒಂದು ಪುಟ್ಟ ಉಕ್ಕಿನ ನಕ್ಷತ್ರ, ಮಾಲ್ಟೀಸ್ ಕ್ರಾಸ್. ಸಾಬರು ಬರೀ ಕ್ರಾಸ್ ಅನ್ನುತ್ತಾರೆ, ಅದನ್ನು ಬಿಚ್ಚುವ ಮುಂಚೆ ಕೈ ತೊಳೆದುಕೊಳ್ಳುತ್ತಾರೆ. ಅದರ ಪಕ್ಕದಲ್ಲಿ ಒಂದು ತಟ್ಟೆ, ತಟ್ಟೆಯ ಮೇಲೆ ಒಂದು ಮೊಳೆ. ತಟ್ಟೆ ಸುಮ್ಮನೆ ತಿರುಗುತ್ತಿರುತ್ತದೆ; ಮೊಳೆ ಬಂದು ಸೀಳಿಗೆ ಸಿಕ್ಕಿದಾಗ ಮಾತ್ರ ನಕ್ಷತ್ರ ಕಾಲು ಸುತ್ತು ತಿರುಗಿ, ಫಿಲ್ಮನ್ನು ಸರಿಯಾಗಿ ನಾಲ್ಕು ರಂಧ್ರದಷ್ಟು ಕೆಳಗೆಳೆದು, ಅಲ್ಲೇ ಬಿಗಿದುಕೊಂಡು ನಿಂತುಬಿಡುತ್ತದೆ. ತೇರು ಎಳೆಯುವುದನ್ನು ನೋಡಿದ್ದೀರಲ್ಲ? ಜನ ಹೋ ಎಂದು ಹಗ್ಗ ಜಗ್ಗುತ್ತಾರೆ, ತೇರು ನಾಲ್ಕು ಮಾರು ಬರುತ್ತದೆ, ತಕ್ಷಣ ಗಾಲಿಗೆ ಮರದ ದಿಮ್ಮಿ ಬೀಳುತ್ತದೆ, ದೇವರು ನಿಂತು ಬಾಳೆಹಣ್ಣು ದವನ ಎಸೆಸಿಕೊಳ್ಳುತ್ತಾನೆ, ಮತ್ತೆ ಹೋ. ಎಳೆಯುವಾಗ ಯಾರಿಗೂ ದರ್ಶನವಿಲ್ಲ, ದರ್ಶನವೆಲ್ಲ ನಿಂತಾಗ. ಇಲ್ಲಿ ಎಳೆತ ಸೆಕೆಂಡಿನ 96ನೇ ಒಂದು ಭಾಗ, ದರ್ಶನ ಅದರ ಮೂರರಷ್ಟು. ಮೂರು ಗಂಟೆಯ ಸಿನಿಮಾಕ್ಕೆ 2,59,200 ಸಲ ಈ ತೇರು ಎಳೆದಾಗಬೇಕು. ಅಷ್ಟರಲ್ಲಿ 16,200 ಅಡಿ, ಅಂದರೆ ಹತ್ತಿರ ಹತ್ತಿರ 5 ಕಿಲೋಮೀಟರ್ ಫಿಲ್ಮು ಇಳಿದಿರುತ್ತದೆ.

ಇದೆಲ್ಲ ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಫಿಲ್ಮಿನ ಮೇಲಿನ ಚಿತ್ರದ ಅಗಲ ಎರಡು ಸೆಂಟಿಮೀಟರ್ ಚಿಲ್ಲರೆ; ಮೂವತ್ತು ಅಡಿಯ ಪರದೆಗೆ ಅದು ನಾನೂರು ಪಾಲಿಗೂ ಹೆಚ್ಚು ಹಿಗ್ಗುತ್ತದೆ. ಕ್ರಾಸಿನ ಬುಷ್ ಸವೆದು ಫಿಲ್ಮು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಕುಣಿದರೆ, ಪರದೆಯ ಮೇಲೆ ನಾಯಕನ ಮೀಸೆ ನಾಲ್ಕು ಸೆಂಟಿಮೀಟರ್ ಕುಣಿಯುತ್ತದೆ. ನಮ್ಮದು ಸವೆದಿತ್ತು. ಬನ್ನಿಮಂಟಪದ ಕಡೆ ಲೇಥ್ ಇಟ್ಟುಕೊಂಡವರೊಬ್ಬರ ಹತ್ತಿರ ಹೋದೆವು. ಗನ್‌ಮೆಟಲ್ಲಿನಲ್ಲಿ ಹೊಸ ಬುಷ್ ಕಡೆದುಕೊಡಿ ಎಂದೆ. “ಎಷ್ಟು ಥೌ ಬಿಡಬೇಕು ಸಾರ್?” ಎಂದು ಕೇಳಿದರು. ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ. ಕನ್ನಡ ಎಂ.ಎ. ಮಾಡಿದವನಿಗೆ ಇಂಥ ಪ್ರಶ್ನೆ ಕೇಳಬಾರದು. ಗಂಭೀರವಾಗಿ ಸಾಬರ ಮುಖ ನೋಡಿದೆ. ಸಾಬರು ಉತ್ತರ ಹೇಳಿದರು. ಲೇಥಿನವರು ಅವತ್ತಿನಿಂದ ನನ್ನೊಡನೆ ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಾರೆ. ಸ್ಕ್ರೂಗಳದ್ದು ಬೇರೆ ಪೀಕಲಾಟ. ಇಂಗ್ಲೆಂಡಿನ ಹಳೆಯ ಯಂತ್ರಗಳ ಮರೆ, ಅಂದರೆ ಥ್ರೆಡ್ಡು, ಇಂಚಿನ ಲೆಕ್ಕದ್ದು. ಈಗ ಅಂಗಡಿಯಲ್ಲಿ ಸಿಗುವ ಮಿಲಿಮೀಟರ್ ಬೋಲ್ಟು ಎರಡು ಸುತ್ತು ಸಲೀಸಾಗಿ ಹೋಗಿ ನಂಬಿಸುತ್ತದೆ, ಮೂರನೆಯದಕ್ಕೆ ಮರೆಯನ್ನೇ ಕೆಡಿಸುತ್ತದೆ.

ಸದ್ದಿನ ವಿಚಾರವನ್ನು ಸಾಬರು ಒಂದೇ ಮಾತಿನಲ್ಲಿ ಮುಗಿಸಿದರು: “ಪಿಕ್ಚರ್ ಕುಂಟಬೇಕು ಸಾರ್, ಸೌಂಡ್ ಕುಂಟಬಾರದು.” ಚಿತ್ರ ನಿಂತು ನಿಂತು ಇಳಿಯಬೇಕು, ಅದೇ ಫಿಲ್ಮಿನ ಅಂಚಿನಲ್ಲಿರುವ ಧ್ವನಿಯ ಗೆರೆ ಮಾತ್ರ ಒಂದೇ ಸಮನೆ ಹರಿಯಬೇಕು. ಅದಕ್ಕೇ ಧ್ವನಿಯನ್ನು ಅದರ ಚಿತ್ರಕ್ಕಿಂತ ಸುಮಾರು 20 ಚಿತ್ರದಷ್ಟು ಮುಂದೆ ಅಚ್ಚು ಹಾಕಿರುತ್ತಾರೆ, ನಡುವೆ ಫಿಲ್ಮನ್ನು ಸಡಿಲವಾಗಿ ಒಂದು ಕುಣಿಕೆ ಬಿಟ್ಟಿರುತ್ತಾರೆ. ಕುಣಿಕೆ ಹೆಚ್ಚುಕಮ್ಮಿಯಾದರೆ ನಾಯಕಿ ಬಾಯಿ ಮುಚ್ಚಿದ ಮೇಲೆ ಮಾತಾಡುತ್ತಾಳೆ. ಟೆಂಟಿನಲ್ಲಿ ಇದನ್ನು ನಾವೆಲ್ಲ ಕಂಡವರೇ. ಆದರೆ ನಾವು ಕೂಗುತ್ತಿದ್ದುದು ಒಂದೇ ಮಂತ್ರ. ಚಿತ್ರ ಮಂಕಾದರೂ, ಮಾತು ತಪ್ಪಿದರೂ, ಫಿಲ್ಮು ಹರಿದರೂ, “ಲೇಯ್, ಕಾರ್ಬನ್ ಹಾಕೋ!”

ಆ ಕಾರ್ಬನ್ ಕಡ್ಡಿಗಳ ಬಗ್ಗೆ ಸಾಬರು ಮಾತಾಡತೊಡಗಿದರೆ ಕಾಫಿ ಆರಿಹೋಗುತ್ತದೆ. ತಾಮ್ರ ಲೇಪಿಸಿದ ಎರಡು ಕಡ್ಡಿ, ಒಂದು ಪಾಸಿಟಿವ್ ಒಂದು ನೆಗೆಟಿವ್, ತುದಿ ತಾಗಿಸಿ ದೂರ ಮಾಡಿದರೆ ನಡುವೆ ಸೂರ್ಯ ಹುಟ್ಟುತ್ತಾನೆ. ಅಲ್ಲಿನ ಕಾವು 3,500 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ. ಕಡ್ಡಿಗಳು ಉರಿದು ಗಿಡ್ಡವಾದಂತೆಲ್ಲ ಅವನ್ನು ಹತ್ತಿರ ತರುತ್ತಲೇ ಇರಬೇಕು. ಆಪರೇಟರ್ ಬೀಡಿಗೆಂದು ಆಚೆ ಹೋದರೆ ಪರದೆಯ ಮೇಲೆ ಸಂಜೆಯಾಗುತ್ತಿತ್ತು. ಫಿಲ್ಮು ಓಡುತ್ತಿದ್ದರೆ ಸರಿ, ಸಿಕ್ಕಿಕೊಂಡು ನಿಂತಿತೋ, ನಾಯಕಿಯ ಕೆನ್ನೆಯ ಮೇಲೊಂದು ಕಂದು ಗುಳ್ಳೆ ಎದ್ದು ಹರಡಿ, ಜನ ಶಿಳ್ಳೆ ಹೊಡೆಯುವಷ್ಟರಲ್ಲಿ ತೂತಾಗಿರುತ್ತಿತ್ತು. ಅದಾದರೂ ಅಸಿಟೇಟ್ ಫಿಲ್ಮಿನ ಪುಣ್ಯ, ಕರಗಿ ಸುಮ್ಮನಾಗುತ್ತದೆ. ಅದಕ್ಕಿಂತ ಹಿಂದಿನದು ನೈಟ್ರೇಟ್ ಫಿಲ್ಮು. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಕ್ಯಾಬಿನ್ನಿಗೆ ದಪ್ಪ ಗೋಡೆ, ಕಿಂಡಿಗೆ ಕಬ್ಬಿಣದ ಮುಚ್ಚಳ, ಬಾಗಿಲಲ್ಲಿ ಮರಳಿನ ಬಕೆಟ್ಟು, ಇವೆಲ್ಲ ಅಲಂಕಾರಕ್ಕೆ ಇದ್ದವಲ್ಲ.

ನಮ್ಮ ಪೋರ್ಟಿಕೋದಲ್ಲಿ ಸೂರ್ಯನನ್ನು ಹುಟ್ಟಿಸುವ ಯೋಚನೆಯನ್ನು ಮನೆಯವರು ಒಮ್ಮತದಿಂದ ತಿರಸ್ಕರಿಸಿದರು. ದೀಪದ ಗೂಡಿನೊಳಗಿನ ಹಳೆಯ ವೈರುಗಳಿಗೆ ಕಲ್ನಾರಿನ ಹೊದಿಕೆ ಇತ್ತು, ಆ ಪುಡಿ ಉಸಿರಿಗೆ ಹೋಗಬಾರದು. ಒದ್ದೆ ಮಾಡಿ, ಮುಖಕ್ಕೆ ಕಟ್ಟಿಕೊಂಡು, ಜೋಪಾನವಾಗಿ ತೆಗೆದದ್ದಾಯಿತು. ಒಳಗೆ ಒಂದು ಎಲ್‌ಇಡಿ ದೀಪ ಕೂತಿತು. ಇದು ಅಪಚಾರವೆಂದು ಯಾರಾದರೂ ಅಂದರೆ ನನ್ನ ಜವಾಬು ಸಿದ್ಧವಿದೆ: ಹಳೆಯ ದರ್ಪಣವಾಗಲಿ ಕಡ್ಡಿ ಹಿಡಿಯುವ ಕೈಗಳಾಗಲಿ ಒಂದನ್ನೂ ಕತ್ತರಿಸಿಲ್ಲ, ಕೊರೆದಿಲ್ಲ. ಬೇಕೆಂದಾಗ ಎಲ್ಲವನ್ನೂ ಮೊದಲಿನಂತೆ ಕೂರಿಸಬಹುದು. ವಾಪಸು ತೆಗೆಯಲಾಗದ ಯಾವ ಕೆಲಸವನ್ನೂ ಮಾಡಬಾರದೆಂಬುದು ಸಾಬರ ಷರತ್ತು.

ಬಣ್ಣದ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಜಗಳವಾಯಿತು. ಉಜ್ಜಿ ಕರಿ ಬಣ್ಣ ಹೊಡೆಸಿದರೆ ಮಿರಮಿರ ಮಿಂಚುತ್ತದೆ ಎಂಬುದು ನನ್ನ ಆಸೆ. ದೀಪದ ಗೂಡಿನ ಬಾಗಿಲು ತೆಗೆದರೆ ಒಳಗಡೆ ಯಾವುದೋ ಆಪರೇಟರು ಪೆನ್ಸಿಲಿನಲ್ಲಿ ಬರೆದಿಟ್ಟ ಆಂಪಿಯರಿನ ಲೆಕ್ಕ. ಹೊರಗಡೆ ವರ್ಷ ವರ್ಷದ ಆಯುಧಪೂಜೆಯಲ್ಲಿ ಇಟ್ಟ ಕುಂಕುಮ, ಗಂಧ. ಒಂದರ ಮೇಲೊಂದು ಪದರ ಕೂತು ಗಟ್ಟಿಯಾಗಿತ್ತು. ಇಂಥ ಪೂಜೆಗಳನ್ನು ಸಾಬರೂ ಬೇರೆ ಬೇರೆ ಟಾಕೀಸುಗಳಲ್ಲಿ ಮಾಡಿದ್ದವರೇ. ಮಾಲೀಕರು ಊರಲ್ಲಿಲ್ಲದಿದ್ದರೆ ನಿಂಬೆಹಣ್ಣು ಕತ್ತರಿಸುವುದೂ ಅವರ ಕೆಲಸ. ನನ್ನ ಕೈಯಲ್ಲಿದ್ದ ಉಪ್ಪುಕಾಗದವನ್ನು ಅವರು ಮೆತ್ತಗೆ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. “ಓಡೋ ಜಾಗಕ್ಕೆ ಎಣ್ಣೆ ಹಾಕಿ. ನಿಂತಿರೋ ಜಾಗ ಮುಟ್ಟಬೇಡಿ.” ಕುಂಕುಮ ಹಾಗೇ ಇದೆ.

ಎಲ್ಲ ಜೋಡಿಸಿ ಒಂದು ಸಂಜೆ ಕಾಂಪೌಂಡಿನ ಸುಣ್ಣದ ಗೋಡೆಗೆ ಬೆಳಕು ಬಿಟ್ಟೆವು. ಸಾಬರ ಟ್ರಂಕಿನಲ್ಲಿ ಯಾವುದೋ ಸಿನಿಮಾದ ಹೆಸರುಪಟ್ಟಿಯ ತುಂಡೂ ಅದಕ್ಕಂಟಿದ ಒಂದು ಹೊಡೆದಾಟವೂ ಇದ್ದವು. ಬೀದಿಯ ಮಕ್ಕಳೆಲ್ಲ ನೆಲದಲ್ಲಿ ಕೂತರು, ಅಮ್ಮನಿಗೆ ಮಾತ್ರ ಕುರ್ಚಿ. ಟೆಂಟಿನಲ್ಲಿ ಷೋ ಶುರುವಾಗುವ ಸೂಚನೆಗೆ ಘಂಟಸಾಲರ ವೆಂಕಟೇಶನ ಹಾಡು ಹಾಕುತ್ತಿದ್ದರಲ್ಲ, ಅದನ್ನು ನನ್ನಾಕೆ ಮೊಬೈಲಿನಲ್ಲಿ ಹಾಕಿದಳು. ಚಕ್ರ ತಿರುಗಿತು, ಕರಕರ ಸದ್ದು ಬಂತು, ಗೋಡೆಯ ಮೇಲೆ ಅಕ್ಷರ ಮೂಡಿದವು. ಆದರೆ ಬಿಳಿಯ ಅಕ್ಷರ ಒಂದೊಂದಕ್ಕೂ ಮೇಲ್ಮುಖವಾಗಿ ಬೆಳ್ಳನೆಯ ಬಾಲ. ಅಮ್ಮ ಕನ್ನಡಕ ಸರಿಮಾಡಿಕೊಂಡು, “ತಲೆಕಟ್ಟೆಲ್ಲ ಉದ್ದ ಆಗಿದೆಯಲ್ಲೋ, ಯಾರು ಬರೆದದ್ದು ಇದು?” ಅಂದಳು. ಷಟರ್ ತನ್ನ ಹೊತ್ತಿಗೆ ಮುಚ್ಚದಿದ್ದರೆ ಹೀಗಾಗುತ್ತದಂತೆ. ಫಿಲ್ಮು ಜಾರುವುದೂ ಒಂದಿಷ್ಟು ಕಂಡುಬಿಡುತ್ತದೆ. ಸಾಬರು ಯಂತ್ರ ನಿಲ್ಲಿಸಿ, ರೆಕ್ಕೆಯನ್ನು ಚೂರೇ ಚೂರು ತಿರುಗಿಸಿ ಬಿಗಿದರು. ಕಾಗುಣಿತ ಸರಿಹೋಯಿತು.

ಧ್ವನಿಯ ಪೆಟ್ಟಿಗೆಗೆ ದೀಪ ಸಿಕ್ಕಿರಲಿಲ್ಲವಾದ್ದರಿಂದ ಹೊಡೆದಾಟ ಮೌನವಾಗಿ ನಡೆಯಿತು. ಮಕ್ಕಳೇ ಢಿಶುಂ ಢಿಶುಂ ಕೊಟ್ಟರು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಒಂದು ಮಗುವೂ ಗೋಡೆಯ ಕಡೆ ತಿರುಗಿಲ್ಲ. ಎಲ್ಲವೂ ಯಂತ್ರದ ಸುತ್ತ ನಿಂತು ಕ್ರಾಸಿನ ಕೆಳಗಿನ ಹಲ್ಲುಚಕ್ರ ಕುಂಟುವುದನ್ನೇ ನೋಡುತ್ತಿವೆ. ಒಬ್ಬ, “ಅಂಕಲ್, ಪಾಸ್ ಮಾಡಿ” ಅಂದ. ಸಾಬರು ಅವನ ತಲೆ ಸವರಿ, ಇದರಲ್ಲಿ ಪಾಸ್ ಮಾಡಿದರೆ ಸಿನಿಮಾ ಫೇಲ್ ಅಂದರು.

ಈ ಯಂತ್ರ ಹೀಗೆ ಎದ್ದು ಕೂತದ್ದು ನೋಡಿದಾಗಲೆಲ್ಲ ನನಗೊಂದು ಸಂಕಟವೂ ಆಗುತ್ತದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಆ ಕಾಲದ ಪ್ರೊಜೆಕ್ಟರ್ ಇವತ್ತು ಸಿಕ್ಕರೂ ಸೀಮೆಎಣ್ಣೆ, ಲೇಥು, ಸಾಬರಂಥವರ ಎರಡು ಕೈ ಇದ್ದರೆ ಓಡುತ್ತದೆ. ಓಡಿಸಲು ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. ಭಾರತದ ಮೊದಲ ಟಾಕಿ, 1931ರ ‘ಆಲಂ ಆರಾ’ದ ಗತಿಯೂ ಅದೇ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದೇ 1964ರಲ್ಲಿ; ಅದನ್ನು ಕಟ್ಟಿದ ಪಿ.ಕೆ. ನಾಯರ್ ಊರೂರು ಅಲೆದು ಡಬ್ಬಿಗಳನ್ನು ಕೂಡಿಹಾಕುವ ಹೊತ್ತಿಗೆ ಎಷ್ಟೋ ಫಿಲ್ಮು ಅದರಲ್ಲಿದ್ದ ಬೆಳ್ಳಿಯ ಆಸೆಗೆ ಕರಗಿಹೋಗಿತ್ತು. ಗುಜರಿಯ ಹುಡುಗನನ್ನು ಮಾತ್ರ ಬೈದು ಏನು ಮಾಡುವುದು?

ಈಗ ಪ್ರೊಜೆಕ್ಟರುಗಳಿಗೆ ಇನ್ನೊಂದು ಬಗೆಯ ಕಾಟ ಶುರುವಾಗಿದೆ. ಮಾಲುಗಳ ಮುಂಗಟ್ಟಿನಲ್ಲಿ, ಹೋಟೆಲುಗಳ ಲಾಬಿಯಲ್ಲಿ ಚಿನ್ನದ ಬಣ್ಣ ಬಳಿದು, ಸುತ್ತ ಕೆಂಪು ಹಗ್ಗ ಕಟ್ಟಿ ನಿಲ್ಲಿಸುತ್ತಾರೆ. ಲೆನ್ಸು ಕಿತ್ತು ಟೇಬಲ್ ಲ್ಯಾಂಪು ಮಾಡಿದ್ದನ್ನೂ ಕಂಡೆ. ಒಳಗಿನ ಗೇರು ಯಾರಿಗೂ ಬೇಡ. ನನ್ನ ಮಟ್ಟಿಗೆ ಕ್ರಾಸು ತಿರುಗದ ಪ್ರೊಜೆಕ್ಟರು ಬರೀ ತೂಕ, ಗುಜರಿಯವನ ಲೆಕ್ಕವೇ ಅದಕ್ಕೆ ಸರಿ. ತುಕ್ಕು, ಕುಂಕುಮ, ಪೆನ್ಸಿಲ್ ಗೆರೆ ಸಮೇತ ಹತ್ತೇ ಅಡಿ ಫಿಲ್ಮು ಓಡಿಸಿದರೂ ಅದು ಸಿನಿಮಾ ಮಿಷಿನ್ನು.

ಆದ್ದರಿಂದ ನಿಮ್ಮ ಅಟ್ಟದ ಮೇಲೋ ನಿಮ್ಮೂರಿನ ಮುಚ್ಚಿದ ಟಾಕೀಸಿನಲ್ಲೋ ಇಂಥದ್ದೊಂದು ಕಣ್ಣಿಗೆ ಬಿದ್ದರೆ ದಯವಿಟ್ಟು ಸ್ವಿಚ್ಚು ಒತ್ತಬೇಡಿ; ಕೈಯಲ್ಲಿ ತಿರುಗಿಸಿ ನೋಡಿ. ಜೊತೆಗೆ ಫಿಲ್ಮಿನ ಡಬ್ಬಿ ಇದ್ದು ಅದರಿಂದ ವಿನಿಗರ್ ವಾಸನೆ ಬಂದರೆ ಆ ಡಬ್ಬಿಯನ್ನು ಬೇರೆಯವುಗಳಿಂದ ದೂರ, ತಂಪಾದ ಕಡೆ ಇಡಿ, ಫಿಲ್ಮು ಹಾಳಾಗತೊಡಗಿರುತ್ತದೆ. 1950ಕ್ಕೂ ಹಿಂದಿನದೆಂದು ಅನುಮಾನವಿದ್ದರೆ ಅದು ನೈಟ್ರೇಟ್ ಇರಬಹುದು; ಬೆಂಕಿ, ಬಿಸಿಲು ಹತ್ತಿರ ಸುಳಿಯದಂತೆ ನೋಡಿಕೊಂಡು ಪುಣೆಯ ಸಂಗ್ರಹಾಲಯಕ್ಕೆ ತಿಳಿಸಿ. ಆ ಟಾಕೀಸಿನಲ್ಲಿ ಆಪರೇಟರ್ ಯಾರಿದ್ದರು ಎಂದು ವಿಚಾರಿಸಿ. ಬಹುಶಃ ಅಲ್ಲೇ ಹತ್ತಿರದಲ್ಲಿ ಮೊಬೈಲಿಗೆ ಕರೆನ್ಸಿ ಹಾಕುತ್ತಿರುತ್ತಾರೆ. ಹಾಗೇ, ಮೂಲೆಯಲ್ಲೆಲ್ಲಾದರೂ ತಾಮ್ರದ ಲೇಪದ ಕಾರ್ಬನ್ ಕಡ್ಡಿಗಳು ಬಿದ್ದಿದ್ದರೆ ಮಕ್ಕಳಿಗೆ ಗೋಡೆಯ ಮೇಲೆ ಗೀಚಲು ಕೊಡಬೇಡಿ. ನಮ್ಮ ಸಾಬರಿಗೆ ಬೇಕಾಗಿವೆ. ಮನೆಯವರ ಒಮ್ಮತವನ್ನು ಮುರಿಯುವ ಕೆಲಸ ನನಗಿರಲಿ.